ಎರೆಯ ಹೊಲಕ್ಕೆ ಬಂದ ವಿಜ್ಞಾನ

ಮುಧೋಳವೆಂದೊಡನೆ ನಮ್ಮಲ್ಲಿ ಹಲವರಿಗೆ ರನ್ನಕವಿಯ ನೆನಪಾಗುತ್ತದೆ. ಕೆಲವರಿಗೆ ಘೋರ್ಪಡೆ ಮನೆತನದ ಸಂಸ್ಥಾನ. ಈಚಿನವರಿಗಂತೂ ಸಣ್ಣ ನಡುವಿನ, ಉದ್ದ ಕಾಲಿನ ಬೇಟೆನಾಯಿ. ಈ ಕವಿಗೂ ಅರಸನಿಗೂ ನಾಯಿಗೂ ಅನ್ನವಿಕ್ಕಿದ ವಸ್ತು ಇನ್ನೊಂದಿದೆ. ಅದರ ಹೆಸರನ್ನು ಹೇಳುವವರು ಕಡಿಮೆ. ಅದು ಅಲ್ಲಿನ ಎರೆಮಣ್ಣು. ಮುಧೋಳ, ಜಮಖಂಡಿ, ಬೀಳಗಿಗಳಿಂದ ಹಿಡಿದು ವಿಜಯಪುರದಾಚೆ ಸೊಲ್ಲಾಪುರದವರೆಗೂ, ಇತ್ತ ರಾಯಚೂರು ಬಳ್ಳಾರಿಗಳವರೆಗೂ ಈ ಕರಿಯ ನೆಲ ಹಬ್ಬಿಕೊಂಡಿದೆ. ಬೇಸಗೆಯಲ್ಲಿ ಇದು ಕಾಲು ಸಿಕ್ಕಿಕೊಳ್ಳುವಷ್ಟು ಅಗಲಕ್ಕೆ ಬಿರಿಯುತ್ತದೆ. ಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಂಡು ಎತ್ತಿನ ಹೆಜ್ಜೆಯನ್ನೂ ತಡೆಯುತ್ತದೆ.

ಇಲ್ಲಿನ ಒಕ್ಕಲುತನದ ಕ್ರಮ ಹಳೆಯ ಮೈಸೂರಿನವರಿಗೂ ಮಲೆನಾಡಿನವರಿಗೂ ಸ್ವಲ್ಪ ವಿಚಿತ್ರವಾಗಿ ಕಾಣಬಹುದು. ಮಳೆಗಾಲದ ಮೊದಲ ತಿಂಗಳುಗಳಲ್ಲಿ, ಆಳವಾದ ಎರೆಯ ಹೊಲ ಬಹುಮಟ್ಟಿಗೆ ಬರಿದಾಗಿಯೇ ಇರುತ್ತದೆ. ಒಕ್ಕಲಿಗ ಕುಂಟೆ ಹೊಡೆಯುತ್ತಾನೆ, ಕಳೆ ಕೀಳುತ್ತಾನೆ, ಕಾಯುತ್ತಾನೆ. ಮಳೆ ಹಿಂದೆ ಸರಿಯುವ ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ಕೂರಿಗೆ ಹೂಡಿ ಹಿಂಗಾರಿ ಜೋಳ ಬಿತ್ತುತ್ತಾನೆ. ಆಮೇಲೆ ಮಳೆ ಬರಲಿ ಬಿಡಲಿ, ನೆಲದೊಳಗೆ ಇಂಗಿ ಕುಳಿತ ನೀರನ್ನೇ ಕುಡಿದು ಆ ಜೋಳ ಸುಗ್ಗಿಯವರೆಗೆ ಬಾಳಬೇಕು. ಹಗೇವಿನಲ್ಲಿ ಕಾಳು ಇಟ್ಟಂತೆ ನೆಲದಲ್ಲಿ ನೀರು ಇಟ್ಟುಕೊಂಡು ಉಣ್ಣುವ ಬೇಸಾಯವಿದು. ಹಗೇವು ತುಂಬದ ವರ್ಷ ಉಪವಾಸ.

ಈ ನೀರಿನ ಹಗೇವನ್ನು ತುಂಬಿಸುವುದು ಹೇಗೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು, ೧೯೩೩ರಿಂದ ಮುಂದೆ ಭಾರತದ ಐದು ಊರುಗಳಲ್ಲಿ ಒಂದು ಸಂಶೋಧನೆ ನಡೆಯಿತು. ಆ ಐದರಲ್ಲಿ ಮೂರು ಊರುಗಳು ಇಂದು ಕರ್ನಾಟಕದಲ್ಲಿವೆ. ವಿಜ್ಞಾನದ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಹೊಸದೊಂದು ಹೊಳೆದ ಗಳಿಗೆಯನ್ನು ವರ್ಣಿಸುತ್ತಾರೆ. ಪ್ರಶ್ನೆಯನ್ನು ಗೊತ್ತುಮಾಡಿದವರು ಯಾರು, ಹಣ ಎಲ್ಲಿಂದ ಬಂತು, ಕೆಲಸ ಹಂಚಿದ್ದು ಹೇಗೆ, ಕೊನೆಗೆ ಉತ್ತರವನ್ನು ಯಾರಿಗೆ, ಯಾವ ಭಾಷೆಯಲ್ಲಿ ಹೇಳಿದರು ಎಂಬ ಮಾತುಗಳು ಕಚೇರಿಯ ಕಡತದಲ್ಲಿಯೇ ಉಳಿದುಬಿಡುತ್ತವೆ. ಒಣಬೇಸಾಯದ ಈ ಕಥೆಯಲ್ಲಿ ನನಗೆ ಹೆಚ್ಚು ಸ್ವಾರಸ್ಯವಾಗಿ ಕಂಡದ್ದು ಆ ಕಡತದ ಮಾತೇ.

ಕ್ಷಾಮದಿಂದ ಹುಟ್ಟಿದ ಪ್ರಶ್ನೆ

ಮುಧೋಳದಿಂದ ಬಾಗಲಕೋಟೆಯ ಕಡೆಗೆ ಹೊರಟರೆ ದಾರಿಯಲ್ಲಿ ಕಲಾದಗಿ ಸಿಗುತ್ತದೆ. ಇಂದು ದಾಳಿಂಬೆಗೆ ಹೆಸರಾದ ಈ ಊರು ಒಂದು ಕಾಲಕ್ಕೆ ಜಿಲ್ಲೆಯ ಮುಖ್ಯಸ್ಥಳವಾಗಿತ್ತು. ಆಗ ಇಡೀ ಬಿಜಾಪುರ ಜಿಲ್ಲೆಗೆ ಕಲಾದಗಿ ಜಿಲ್ಲೆಯೆಂದೇ ಹೆಸರು. ೧೮೭೬–೭೮ರ ಮಹಾಕ್ಷಾಮ ಈ ಜಿಲ್ಲೆಯ ಮೇಲೆ ಎರಗಿದ ಬಗೆ ಭಯಂಕರವಾದುದು. ೧೮೭೨ರ ಜನಗಣತಿಯನ್ನೂ ೧೮೮೧ರ ಜನಗಣತಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಕಾಣೆಯಾಗಿದೆ. ಸತ್ತವರೆಷ್ಟು, ಊರು ಬಿಟ್ಟು ಹೋದವರೆಷ್ಟು ಎಂಬುದನ್ನು ಗಣತಿಯ ಅಂಕಿ ಬಿಡಿಸಿ ಹೇಳುವುದಿಲ್ಲ. ಒಲೆ ಆರಿದ ಮನೆಗಳಿಗೆ ಆ ವ್ಯತ್ಯಾಸವೂ ಬೇಕಿರಲಿಲ್ಲ.

ಕ್ಷಾಮದ ತರುವಾಯ ೧೮೮೦ರಲ್ಲಿ ವರದಿ ಕೊಟ್ಟ ಕ್ಷಾಮ ಆಯೋಗವು ಪ್ರಾಂತಗಳಲ್ಲಿ ಕೃಷಿ ಇಲಾಖೆಗಳು ಬೇಕೆಂದು ಹೇಳಿತು. ಇಲಾಖೆಗಳೇನೋ ಬಂದವು, ಆದರೆ ಅವುಗಳ ಗಮನ ಬಹುಕಾಲ ಹತ್ತಿ, ಕಬ್ಬು, ಗೋಧಿಗಳಂಥ ಪೇಟೆಯ ಬೆಳೆಗಳ ಮೇಲೆ, ನೀರಾವರಿಯ ಮೇಲೆ ಇತ್ತು. ಮಳೆಯನ್ನೇ ನಂಬಿದ ಜೋಳದ ಹೊಲದ ಕಡೆಗೆ ನೋಡಿದವರು ವಿರಳ. ಬರ ಬಂದಾಗ ಕಲ್ಲು ಒಡೆಸಿ ಕೂಲಿ ಕೊಡುವುದು, ಮಳೆ ಬಂದಾಗ ಎಲ್ಲವನ್ನೂ ಮರೆಯುವುದು—ಇದೇ ರೂಢಿಯಾಗಿತ್ತು.

ಕ್ರಮವಾದ ಮೊದಲ ಪ್ರಯತ್ನ ೧೯೨೩ರಲ್ಲಿ ಪುಣೆಯ ಬಳಿಯ ಮಾಂಜರಿ ಕ್ಷೇತ್ರದ ಒಂದು ಸಣ್ಣ ತುಂಡಿನಲ್ಲಿ ಆರಂಭವಾಯಿತು. ಅದನ್ನು ಆರಂಭಿಸಿದವರು ತಮ್ಹಾಣೆ ಎಂಬ ವಿಜ್ಞಾನಿ. ಮುಂದೆ ಅದನ್ನು ಬೆಳೆಸಿ ದೊಡ್ಡ ಯೋಜನೆಯ ರೂಪಕ್ಕೆ ತಂದವರು ಎನ್. ವಿ. ಕಾನಿಟ್ಕರ್. ಈ ನಡುವೆ ೧೯೨೬ರಲ್ಲಿ ಲಿನ್‌ಲಿತ್‌ಗೋ ಪ್ರಭುವಿನ ಅಧ್ಯಕ್ಷತೆಯಲ್ಲಿ ರಾಯಲ್ ಕೃಷಿ ಆಯೋಗ ನೇಮಕವಾಗಿ ೧೯೨೮ರಲ್ಲಿ ವರದಿ ಕೊಟ್ಟಿತು. ಆ ವರದಿಯ ಫಲವಾಗಿ ೧೯೨೯ರಲ್ಲಿ ಸಾಮ್ರಾಜ್ಯ ವ್ಯವಸಾಯ ಸಂಶೋಧನ ಮಂಡಲಿ ಹುಟ್ಟಿತು. ಇಂದಿನ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಅದರದೇ ಮುಂದಿನ ರೂಪ.

ಐದು ಊರು, ಒಂದು ಯೋಜನೆ

ಈ ಮಂಡಲಿಯ ಕಾರ್ಯಕ್ರಮವನ್ನು ಸ್ವಲ್ಪ ವಿವರಿಸಬೇಕು. ಏಕೆಂದರೆ ನಮ್ಮ ದೇಶದಲ್ಲಿ ಸಂಶೋಧನೆಯನ್ನು ‘ಯೋಜನೆ’ ಎಂಬ ಅಚ್ಚಿನಲ್ಲಿ ಎರೆಯುವ ಪದ್ಧತಿ ಬೇರೂರಿದ್ದು ಆ ಕಾಲದಲ್ಲಿ. ಅದಕ್ಕೂ ಮೊದಲು ಪ್ರಾಂತದ ಇಲಾಖೆಯ ಒಬ್ಬ ಅಧಿಕಾರಿ ತನಗೆ ತೋಚಿದ ಪ್ರಯೋಗವನ್ನು ತನ್ನ ಕ್ಷೇತ್ರದಲ್ಲಿ ಮಾಡುತ್ತಿದ್ದ. ಅವನ ವರ್ಗವಾದರೆ ಪ್ರಯೋಗವೂ ವರ್ಗವಾಗುತ್ತಿತ್ತು. ಈಗ ಹಾಗಲ್ಲ. ಪ್ರಾಂತವು ತನ್ನ ಪ್ರಶ್ನೆಯನ್ನೂ, ಬೇಕಾದ ನೌಕರರನ್ನೂ, ಖರ್ಚನ್ನೂ, ಅವಧಿಯನ್ನೂ ಬರೆದು ಕಳಿಸಬೇಕು; ಮಂಡಲಿಯ ಸಲಹಾ ಸಮಿತಿಯಲ್ಲಿ ಬೇರೆ ಬೇರೆ ಪ್ರಾಂತಗಳ ತಜ್ಞರು ಕುಳಿತು ಅದನ್ನು ಜಾಲಿಸಬೇಕು; ಒಪ್ಪಿಗೆಯಾದರೆ ಹಣ. ವರ್ಷವರ್ಷವೂ ವರದಿ ಒಪ್ಪಿಸಬೇಕು. ಇಂದು ನಮ್ಮ ವಿಶ್ವವಿದ್ಯಾಲಯಗಳಲ್ಲಿ ತರುಣ ಸಂಶೋಧಕರು ಅರ್ಜಿ ಬರೆಯುತ್ತ ನಿಟ್ಟುಸಿರು ಬಿಡುವುದನ್ನು ಕಂಡಾಗಲೆಲ್ಲ ನನಗೆ ಈ ಪದ್ಧತಿಯ ವಯಸ್ಸು ನೆನಪಾಗುತ್ತದೆ.

ಹೀಗೆ ಗೊತ್ತಾದ ಒಣಬೇಸಾಯದ ಯೋಜನೆಗೆ ಐದು ಕೇಂದ್ರಗಳು: ಮುಂಬಯಿ ಇಲಾಖೆಯ ಸೊಲ್ಲಾಪುರ ಮತ್ತು ಬಿಜಾಪುರ, ಮದರಾಸು ಇಲಾಖೆಯಲ್ಲಿದ್ದ ಬಳ್ಳಾರಿಯ ಬಳಿಯ ಹಗರಿ, ನಿಜಾಮರ ಹೈದರಾಬಾದಿನ ರಾಯಚೂರು, ಪಂಜಾಬಿನ ರೋಹತಕ್. ೧೯೩೩ರಿಂದ ೧೯೩೫ರ ಒಳಗೆ ಐದೂ ಕೆಲಸ ಆರಂಭಿಸಿದವು. ಭೂಪಟವನ್ನು ಮುಂದಿಟ್ಟುಕೊಂಡು ನೋಡಿದರೆ ಇದರ ಸೊಗಸು ತಿಳಿಯುತ್ತದೆ. ಕನ್ನಡ ನಾಡು ಅಂದು ಹಂಚಿ ಹೋಗಿದ್ದ ನಾಡು. ಬಿಜಾಪುರ ಒಬ್ಬ ದೊರೆಗೆ, ಹಗರಿ ಇನ್ನೊಬ್ಬನಿಗೆ, ರಾಯಚೂರು ಮತ್ತೊಬ್ಬನಿಗೆ. ಬಿಜಾಪುರದ ಮಗ್ಗುಲಲ್ಲಿಯೇ ಇದ್ದ ಮುಧೋಳ ಜಮಖಂಡಿಗಳು ಯಾರ ಯೋಜನೆಯಲ್ಲಿಯೂ ಸೇರದ ಬೇರೆ ಸಂಸ್ಥಾನಗಳು; ೧೯೪೮ರಲ್ಲಿ ವಿಲೀನವಾದ ಮೇಲಷ್ಟೆ ಅವು ಬಿಜಾಪುರ ಜಿಲ್ಲೆಗೆ ಸೇರಿದವು. ಆದರೆ ಎರೆಮಣ್ಣಿಗೆ ಈ ಗಡಿಗಳು ಗೊತ್ತಿರಲಿಲ್ಲ. ಏಕೀಕರಣಕ್ಕೆ ಇಪ್ಪತ್ತು ವರ್ಷಗಳಿಗೂ ಹಿಂದೆ, ಮೂರು ಸರಕಾರಗಳ ಕನ್ನಡ ಊರುಗಳು ಒಂದೇ ಪ್ರಶ್ನೆಗೆ ಒಟ್ಟಿಗೆ ಉತ್ತರ ಹುಡುಕಲು ಕುಳಿತವೆಂಬುದು ನಮ್ಮ ಇತಿಹಾಸಕಾರರು ಗಮನಿಸಬೇಕಾದ ಸಂಗತಿ.

ಯೋಜನೆಯಲ್ಲಿ ಪ್ರಶ್ನೆಗಳನ್ನು ಒಡೆದು ಜೋಡಿಸಿದ ರೀತಿಯೂ ಒಪ್ಪವಾಗಿತ್ತು. ಬಿದ್ದ ಮಳೆಯಲ್ಲಿ ಎಷ್ಟು ಹರಿದು ಹೋಗುತ್ತದೆ, ಎಷ್ಟು ಇಂಗುತ್ತದೆ? ಹರಿದು ಹೋಗುವ ನೀರು ಎಷ್ಟು ಮಣ್ಣನ್ನು ಹೊತ್ತುಕೊಂಡು ಹೋಗುತ್ತದೆ? ಇಂಗಿದ ನೀರು ಎಷ್ಟು ಆಳದಲ್ಲಿ, ಎಷ್ಟು ದಿನ ನಿಲ್ಲುತ್ತದೆ? ಜೋಳದ ಬೇರು ಎಲ್ಲಿಯವರೆಗೆ ಇಳಿಯುತ್ತದೆ? ಒಂದು ಬೆಳೆ ತನ್ನ ಮೈಯನ್ನು ಕಟ್ಟಿಕೊಳ್ಳಲು ಎಷ್ಟು ನೀರು ಬೇಡುತ್ತದೆ? ಸೊಲ್ಲಾಪುರದಲ್ಲಿ ಇಳಿಜಾರಿನ ನೆಲವನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಕೆಳಗೆ ತೊಟ್ಟಿ ಕಟ್ಟಿ, ಪ್ರತಿಯೊಂದರಿಂದ ಹರಿದ ನೀರನ್ನೂ ಮಣ್ಣನ್ನೂ ಅಳೆದರು. ಹೊದಿಕೆಯಿಲ್ಲದೆ ಬರಿದಾಗಿ ಬಿಟ್ಟ ನೆಲ ಎಷ್ಟು ಬೇಗ ತನ್ನ ಮೈಯ ಮಣ್ಣನ್ನು ಕಳೆದುಕೊಳ್ಳುತ್ತದೆಂಬುದು ಆಗ ಲೆಕ್ಕದಲ್ಲಿ ಕಂಡಿತು. ಹೊಳೆಯ ನೀರು ಕೆಂಪಾಗಿ ಕಪ್ಪಾಗಿ ಹರಿಯುವುದನ್ನು ನಮ್ಮ ಹಿರಿಯರು ನೋಡುತ್ತಲೇ ಬಂದಿದ್ದರು. ಅದು ತಮ್ಮ ಹೊಲವೇ ಹರಿದು ಹೋಗುತ್ತಿರುವುದೆಂದು ತೂಕ ಹಾಕಿ ತೋರಿಸಿದವರು ಇವರು. ಅದೇ ವರ್ಷಗಳಲ್ಲಿ ಅಮೆರಿಕದ ಮಧ್ಯ ಬಯಲಿನಲ್ಲಿ ಉತ್ತ ಭೂಮಿ ಧೂಳಾಗಿ ಆಕಾಶಕ್ಕೇರಿ, ೧೯೩೫ರಲ್ಲಿ ಅಲ್ಲಿನ ಸರಕಾರ ಮಣ್ಣಿನ ರಕ್ಷಣೆಗೆಂದೇ ಇಲಾಖೆಯೊಂದನ್ನು ತೆರೆಯಬೇಕಾಯಿತೆಂಬುದನ್ನು ನೆನೆದರೆ, ನಮ್ಮವರು ಕಾಲಕ್ಕೆ ಹಿಂದೆ ಬಿದ್ದಿರಲಿಲ್ಲವೆಂದು ತಿಳಿಯುತ್ತದೆ.

ಪ್ರಯೋಗದ ಶಾಸ್ತ್ರವೂ ಆಗತಾನೆ ಹೊಸದಾಗಿತ್ತು. ಇಂಗ್ಲೆಂಡಿನ ರೋಥಾಮ್‌ಸ್ಟೆಡ್‌ನಲ್ಲಿ ಆರ್. ಎ. ಫಿಶರ್ ರೂಪಿಸಿದ ಕ್ರಮದಂತೆ, ಹೋಲಿಸಬೇಕಾದ ಪದ್ಧತಿಗಳನ್ನು ಒಂದೊಂದು ಹೊಲದಲ್ಲಿ ಒಂದೊಂದು ಸಲ ಹಾಕಿ ನೋಡಿದರೆ ಸಾಲದು; ಪ್ರತಿಯೊಂದನ್ನೂ ಹಲವು ತುಂಡುಗಳಲ್ಲಿ, ಚೀಟಿ ಎತ್ತಿದಂತೆ ಎಲ್ಲೆಂದರಲ್ಲಿ ಹಂಚಿ ಹಾಕಬೇಕು. ಇಲ್ಲವಾದರೆ ಮಣ್ಣಿನ ಗುಣವನ್ನು ಪದ್ಧತಿಯ ಗುಣವೆಂದು ಭ್ರಮಿಸುವ ಅಪಾಯವುಂಟು. ಹೊಲದ ಒಂದು ಮೂಲೆ ಫಲವತ್ತು, ಇನ್ನೊಂದು ಮೂಲೆ ಗರಸು ಎಂಬುದನ್ನು ಯಾವ ಒಕ್ಕಲಿಗನೂ ಬಲ್ಲ. ಆ ಬಲ್ಲವಿಕೆಯನ್ನೇ ಲೆಕ್ಕದ ಶಾಸ್ತ್ರ ಗೌರವಿಸಿ ತನ್ನೊಳಗೆ ಸೇರಿಸಿಕೊಂಡಿತೆನ್ನಬಹುದು.

ಇಪ್ಪತ್ತು ಕಿಲೋದ ಲೆಕ್ಕ

ಹತ್ತು ವರ್ಷಗಳಷ್ಟು ದುಡಿಮೆಯ ತರುವಾಯ ಉತ್ತರ ಸಿದ್ಧವಾಯಿತು. ಕಾನಿಟ್ಕರ್ ಅವರು ಬರೆದ ‘ಭಾರತದಲ್ಲಿ ಒಣಬೇಸಾಯ’ ಎಂಬ ಇಂಗ್ಲಿಷ್ ಗ್ರಂಥವನ್ನು ಮಂಡಲಿ ೧೯೪೪ರಲ್ಲಿ ಹೊರತಂದಿತು. ಇಳಿಜಾರಿಗೆ ಅಡ್ಡವಾಗಿ ಸಮಪಾತಳಿಯ ಒಡ್ಡು ಹಾಕಿರಿ, ಮೂರು ವರ್ಷಕ್ಕೊಮ್ಮೆ ಆಳವಾಗಿ ನೇಗಿಲು ಹೊಡೆಯಿರಿ, ತಿಪ್ಪೆಗೊಬ್ಬರ ಹಾಕಿರಿ, ಬೀಜ ಕಡಿಮೆ ಮಾಡಿ ಸಾಲು ಅಗಲಿಸಿರಿ, ಮೇಲಿಂದ ಮೇಲೆ ಎಡೆ ಹೊಡೆಯಿರಿ—ಇದು ಮುಂಬಯಿ ಪದ್ಧತಿ. ಇದಕ್ಕೆ ಹೋಲುವಂಥದೇ ಮದರಾಸು ಪದ್ಧತಿಯೊಂದು, ಹೈದರಾಬಾದು ಪದ್ಧತಿಯೊಂದು ಹೊರಟವು. ಮಣ್ಣು ಒಂದೇ ಆದರೂ ಉತ್ತರಕ್ಕೆ ಮೂರು ರಾಜಧಾನಿಗಳ ಹೆಸರು! ಬಿಜಾಪುರ ಪದ್ಧತಿ, ರಾಯಚೂರು ಪದ್ಧತಿ ಎಂದು ಹೆಸರಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಇದು ಸಣ್ಣ ಮಾತಲ್ಲ. ಉತ್ತರ ಯಾರ ಹೆಸರಿನಲ್ಲಿದೆಯೋ ಅವರಿಗೆ ಒಪ್ಪಿಸಿದರೆ ಕೆಲಸ ಮುಗಿಯಿತೆಂದು ಭಾವಿಸುವುದು ಮನುಷ್ಯ ಸ್ವಭಾವ.

ಈ ಪದ್ಧತಿಯಿಂದ ಇಳುವರಿ ನೂರಕ್ಕೆ ೧೫ರಿಂದ ೨೦ರಷ್ಟು ಹೆಚ್ಚುತ್ತದೆಂದು ಪ್ರಯೋಗ ತೋರಿಸಿತು. ಅದರಲ್ಲಿ ಸುಳ್ಳಿರಲಿಲ್ಲ. ಆದರೆ ಎರೆಯ ಹೊಲದ ಅಂದಿನ ಇಳುವರಿಯೇ ಹೆಕ್ಟೇರಿಗೆ ೨೦೦ರಿಂದ ೪೦೦ ಕಿಲೋಗ್ರಾಮಿನಷ್ಟು. ವಾಚಕರು ನನ್ನೊಡನೆ ಲೆಕ್ಕ ಹಾಕಿ ನೋಡಲಿ: ಎಕರೆಗೆ ೧೨೦ ಕಿಲೋ ಜೋಳ ಬರುತ್ತಿದ್ದ ಕಡೆ ೧೪೦ ಬಂದೀತು. ಒಂದು ಎಕರೆಗೆ ಇಪ್ಪತ್ತು ಕಿಲೋ! ಆ ಇಪ್ಪತ್ತು ಕಿಲೋಗಾಗಿ ಒಕ್ಕಲಿಗ ಏನೇನು ಹೂಡಬೇಕು? ಆಳವಾಗಿ ಉಳಲು ಕಬ್ಬಿಣದ ನೇಗಿಲು, ಅದನ್ನು ಎಳೆಯಲು ಒಂದಲ್ಲ ಎರಡಲ್ಲ, ಹಲವು ಜೋಡಿ ಎತ್ತು. ಒಡ್ಡು ಹಾಕಬೇಕಾದರೆ ತನ್ನ ಹೊಲ ಮಾತ್ರ ಸಾಲದು. ಮೇಲಿನ ಹೊಲದವನೂ ಕೆಳಗಿನ ಹೊಲದವನೂ ಒಪ್ಪಬೇಕು. ಹೆಚ್ಚು ಗೊಬ್ಬರ ಬೇಕು. ಬರಗಾಲದ ಸೀಮೆಯಲ್ಲಿ ದನವೂ ಕಡಿಮೆ, ಸೆಗಣಿಯಲ್ಲಿ ಒಂದು ಪಾಲು ಕುಳ್ಳಾಗಿ ಒಲೆಗೆ ಹೋಗುತ್ತದೆ.

ಈಚೆಗೆ ಬೀಳಗಿಯ ಹತ್ತಿರ ಒಂದು ಹೊಲದ ಬದುವಿನ ಮೇಲೆ ಕುಳಿತು ಒಬ್ಬ ವೃದ್ಧ ಒಕ್ಕಲಿಗರೊಡನೆ ಈ ಹಳೆಯ ಲೆಕ್ಕವನ್ನು ಮಾತನಾಡಿದೆ. “ಯಜಮಾನರ, ಹತ್ತು ವರ್ಷದ ಸರಾಸರಿ ತಗದರ ನೂರಕ್ಕ ಇಪ್ಪತ್ತು ಹೆಚ್ಚು ಬಂದಿತ್ತಂತ” ಎಂದೆ. ಅವರು ನಕ್ಕು, “ಸರಾಸರಿ ಯಾರ ಮನ್ಯಾಗ ಉಣ್ತಾರ್ರೀ ಸರ? ನಾವು ಆ ವರ್ಷದ ಜ್ವಾಳ ಉಣ್ತೀವ್ರಿ. ಮಳಿ ಕೈಕೊಟ್ಟ ವರ್ಷ ನಿಮ್ಮ ಪದ್ಧತಿ ಎಷ್ಟು ಕೊಡತೈತಿ, ಅಷ್ಟು ಹೇಳ್ರಿ” ಎಂದರು. ವಿಜ್ಞಾನಿಗಳು ಕೇಳಿದ ಪ್ರಶ್ನೆಗೂ ಒಕ್ಕಲಿಗರ ಮನಸ್ಸಿನಲ್ಲಿದ್ದ ಪ್ರಶ್ನೆಗೂ ಇದ್ದ ಅಂತರ ಈ ಎರಡು ಮಾತಿನಲ್ಲಿ ಅಡಗಿದೆ. ಇಳುವರಿಯನ್ನು ಹೆಚ್ಚಿಸುವುದು ಹೇಗೆಂದು ಒಬ್ಬರು. ಕೆಟ್ಟ ವರ್ಷದಲ್ಲಿ ಕೈಯಿಂದ ಹೋಗುವುದನ್ನು ತಡೆಯುವುದು ಹೇಗೆಂದು ಇನ್ನೊಬ್ಬರು. ಇವೆರಡೂ ನೆರೆಹೊರೆಯ ಪ್ರಶ್ನೆಗಳು, ಆದರೆ ಒಂದೇ ಪ್ರಶ್ನೆಯಲ್ಲ.

ರಾಯಲ್ ಆಯೋಗ ಈ ಅಪಾಯವನ್ನು ಅರಿಯದೆ ಇರಲಿಲ್ಲ. ಸರಕಾರಿ ಕ್ಷೇತ್ರದ ಬೇಲಿಯೊಳಗೆ ಮಾಡಿ ತೋರಿಸುವುದಕ್ಕಿಂತ ಒಕ್ಕಲಿಗನ ಸ್ವಂತ ಹೊಲದಲ್ಲಿ ಮಾಡಿ ತೋರಿಸುವುದು ಮೇಲೆಂದು ಅದು ೧೯೨೮ರಲ್ಲೇ ಅಭಿಪ್ರಾಯಪಟ್ಟಿತ್ತು. ಆದರೂ ತಿಳಿಸುವ ಕೆಲಸವನ್ನು ಕೊನೆಗೆ ಮಾಡಿದರಾಯಿತೆಂದು ಬಿಡುವ ಅಭ್ಯಾಸ ಹೋಗಲಿಲ್ಲ. ಗ್ರಾಮಸೇವಕರನ್ನು ಹಳ್ಳಿಗಳಿಗೆ ಕಳಿಸಿದ ವಿಸ್ತರಣಾ ಸೇವೆ ಬಂದದ್ದು ೧೯೫೩ರಲ್ಲಿ. ಧಾರವಾಡದ ಆಕಾಶವಾಣಿ ಕೇಂದ್ರ ಮಾತನಾಡತೊಡಗಿದ್ದು ೧೯೫೦ರಲ್ಲಿ. ಪ್ರಯೋಗ ಮುಗಿದ ಎಷ್ಟೋ ವರ್ಷಗಳ ಮೇಲೆ ಕನ್ನಡದಲ್ಲಿ ಅದನ್ನು ಹೇಳುವ ಬಾಯಿಗಳು ಹುಟ್ಟಿದವು.

ನೇಗಿಲು ಮತ್ತು ಬೀಜ

ಹಾಗಾದರೆ ನಮ್ಮ ಒಕ್ಕಲಿಗರು ಹೊಸದನ್ನು ಒಪ್ಪದ ಜಡರೆ? ನಗರದಲ್ಲಿ ಕುಳಿತವರು ಹಾಗೆ ಹೇಳಿಬಿಡುವುದುಂಟು. ಇದೇ ಸೀಮೆಯ ಎರಡು ಸಂಗತಿಗಳು ಆ ಮಾತನ್ನು ಸುಳ್ಳುಮಾಡುತ್ತವೆ.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲು ಮಾಡಲು ತೊಡಗಿದರು. ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೇರುತ್ತದೆಂದು ಜನ ಹೆದರಿ ಮೊದಲು ಅದನ್ನು ಕೊಳ್ಳಲಿಲ್ಲವೆಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆ ಕಥೆಯ ಉತ್ತರಾರ್ಧವೂ ಅಷ್ಟೇ ಮುಖ್ಯ: ಕ್ರಮೇಣ ಆ ನೇಗಿಲು ಹಳ್ಳಿಹಳ್ಳಿಗೆ ಹೋಯಿತು. ಕಣ್ಣಾರೆ ಕಂಡ ಮೇಲೆ, ಉಪಯೋಗವಿದೆಯೆನಿಸಿದ ಮೇಲೆ, ಹೆದರಿಕೆ ತಾನಾಗಿ ಬಿಟ್ಟಿತು.

ಇನ್ನೊಂದು ಸಂಗತಿ ಮಾಲ್ದಂಡಿ ಜೋಳದ್ದು. ಸೊಲ್ಲಾಪುರ ಜಿಲ್ಲೆಯ ಮೋಹೋಳದ ಸಂಶೋಧನ ಕ್ಷೇತ್ರದಲ್ಲಿ ೧೯೩೦ರ ದಶಕದಲ್ಲಿ, ಒಣಬೇಸಾಯದ ಯೋಜನೆ ನಡೆಯುತ್ತಿದ್ದ ಕಾಲದಲ್ಲಿಯೇ, ಸ್ಥಳೀಯ ಮಾಲ್ದಂಡಿ ಜೋಳದಿಂದ ಆರಿಸಿ ತೆಗೆದ ತಳಿ ಎಂ. ೩೫-೧. ಅದಕ್ಕೆ ದೊಡ್ಡ ಪ್ರಚಾರವೇನೂ ಬೇಕಾಗಲಿಲ್ಲ. ತೆನೆಯ ಕಾಳು ದಪ್ಪ, ಮುತ್ತಿನಂತೆ ಬಿಳಿ. ರೊಟ್ಟಿ ಮೆತ್ತಗೆ, ರುಚಿ. ದನಕ್ಕೆ ಕಣಿಕೆ ಸಾಕಷ್ಟು. ನೀರು ಕಡಿಮೆಯಾದರೂ ತಾಳಿಕೊಳ್ಳುತ್ತದೆ. ಅಳಿಯ ಮಾವನ ಊರಿಂದ ತಂದ, ಬೀಗರು ಬೀಗರಿಗೆ ಕೊಟ್ಟರು. ಸೆರಗಿನಲ್ಲಿ ಕಟ್ಟಿಕೊಂಡು ಹೋಗಬಹುದಾದ ವಿಜ್ಞಾನವದು. ೧೯೬೪ರಲ್ಲಿ ಬಂದ ಸಿ.ಎಸ್.ಎಚ್.-೧ ಮೊದಲಾದ ಹೈಬ್ರಿಡ್ ಜೋಳಗಳು ಮುಂಗಾರಿ ಹೊಲಗಳನ್ನು ಗೆದ್ದರೂ ಹಿಂಗಾರಿಯಲ್ಲಿ ಮಾಲ್ದಂಡಿಯ ಪಟ್ಟವನ್ನು ಕಸಿದುಕೊಳ್ಳಲಾರದೆ ಹೋದವು. ಇಂದಿಗೂ ವಿಜಯಪುರದ ಸಂತೆಯಲ್ಲಿ ಮಾಲ್ದಂಡಿ ಎಂದರೆ ಬೇರೆ ಶಿಫಾರಸು ಬೇಕಿಲ್ಲ.

ಒಂದೇ ಕಾಲದ, ಒಂದೇ ಸೀಮೆಯ ಎರಡು ಸಂಶೋಧನೆಗಳು. ಒಂದು ಗ್ರಂಥದಲ್ಲಿ ಉಳಿಯಿತು, ಇನ್ನೊಂದು ಗಂಗಾಳಕ್ಕೆ ಬಂತು. ವಿಜ್ಞಾನಿಗಳ ಯೋಗ್ಯತೆಯಲ್ಲಿ ವ್ಯತ್ಯಾಸವಿರಲಿಲ್ಲ. ಬೀಜವನ್ನು ಒಕ್ಕಲಿಗ ಒಬ್ಬನೇ, ಮೂಲೆಯ ಒಂದು ತುಂಡಿನಲ್ಲಿ, ಸೇರು ಕಾಳಿನ ಅಪಾಯಕ್ಕೆ ಒಡ್ಡಿಕೊಂಡು ಪರೀಕ್ಷಿಸಬಹುದು. ಪದ್ಧತಿಯನ್ನು ಹಾಗೆ ಬಿಡಿಬಿಡಿಯಾಗಿ ಸವಿದು ನೋಡಲು ಬರುವುದಿಲ್ಲ. ಎಲ್ಲವನ್ನೂ ಒಮ್ಮೆಗೆ ನಂಬಬೇಕು.

ಒಡ್ಡು ಒಡೆದಾಗ

ಪದ್ಧತಿಯ ಒಂದು ಅಂಗ ಮಾತ್ರ ದೊಡ್ಡದಾಗಿ ಹೊಲಗಳಿಗೆ ಇಳಿಯಿತು. ಅದು ಒಡ್ಡು. ಮುಂಬಯಿ ಸರಕಾರ ೧೯೪೨ರಲ್ಲಿ ಭೂಸುಧಾರಣೆಯ ಕಾಯಿದೆ ಮಾಡಿತು. ೧೯೪೨–೪೩ರಲ್ಲಿ ಬಿಜಾಪುರ ಜಿಲ್ಲೆ ಮತ್ತೆ ಬರಕ್ಕೆ ಸಿಕ್ಕಿತು. ಕಲ್ಲು ಒಡೆಸುವ ಬದಲು ಒಡ್ಡು ಹಾಕಿಸಿದರೆ ಕೂಲಿಯೂ ಸಿಕ್ಕೀತು, ಹೊಲವೂ ಉಳಿದೀತು ಎಂಬ ವಿವೇಕ ಆಗ ಮೂಡಿತು. ಅಂದಿನಿಂದ ಸಾವಿರಾರು ಎಕರೆ ನೆಲಕ್ಕೆ ಸಮಪಾತಳಿಯ ಒಡ್ಡುಗಳು ಬಂದವು.

ಗರಸು ಮತ್ತು ಮಧ್ಯಮ ನೆಲಗಳಲ್ಲಿ ಒಡ್ಡು ಒಳ್ಳೆಯದನ್ನೇ ಮಾಡಿತು. ಆಳವಾದ ಎರೆಯಲ್ಲಿ ಮಾತ್ರ ಅದು ಕೈಕೊಟ್ಟಿತು. ಎರೆ ನೀರನ್ನು ಹಿಡಿದಿಡುವುದರಲ್ಲಿ ಶೂರ, ಬೇಗ ಕುಡಿಯುವುದರಲ್ಲಿ ಅಲ್ಲ. ದೊಡ್ಡ ಮಳೆಯಾದಾಗ ಒಡ್ಡಿನ ಮೇಲ್ಭಾಗದಲ್ಲಿ ನೀರು ದಿನಗಟ್ಟಲೆ ನಿಂತು ಬೆಳೆ ಕೊಳೆಯಿತು; ಬೇಸಗೆಯಲ್ಲಿ ಒಡ್ಡೇ ಬಿರಿದು, ಮುಂದಿನ ಮಳೆಗೆ ಆ ಬಿರುಕಿನಿಂದ ನೀರು ನುಗ್ಗಿ ಕಡಿದುಕೊಂಡು ಹೋಯಿತು. ಮೇಲಿನ ಒಂದು ಒಡ್ಡು ಒಡೆದರೆ ಕೆಳಗಿನವೂ ಸಾಲಾಗಿ ಒಡೆಯುತ್ತವೆ.

ಇಲ್ಲಿ ಸಂಶೋಧನೆಯ ಒಂದು ಸದ್ಗುಣವನ್ನು ಮೆಚ್ಚಬೇಕು. ೧೯೫೪ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಮತ್ತು ನೀರಿನ ಸಂರಕ್ಷಣೆಯ ಕೇಂದ್ರ ಆರಂಭವಾಯಿತು. ಅಲ್ಲಿಯೂ ಎರೆಯ ಸೀಮೆಯ ಬೇರೆ ಕೇಂದ್ರಗಳಲ್ಲಿಯೂ ನಡೆದ ಅಭ್ಯಾಸದಿಂದ, ಆಳವಾದ ಎರೆಗೆ ನೀರನ್ನು ಪೂರ್ತಿ ಕಟ್ಟಿಹಾಕುವ ಒಡ್ಡು ತಕ್ಕುದಲ್ಲ. ಹೆಚ್ಚಾದ ನೀರನ್ನು ಮೆಲ್ಲಗೆ ಪಕ್ಕಕ್ಕೆ ಒಯ್ಯುವ ಇಳುಕಲಿನ ಒಡ್ಡು ಬೇಕು ಎಂದು ಗೊತ್ತಾಯಿತು. ಹಿಂದಿನ ಶಿಫಾರಸನ್ನು ಮುಂದಿನ ಪ್ರಯೋಗ ತಿದ್ದಿತು. ತನ್ನ ಮಾತನ್ನು ತಾನೇ ತಿದ್ದಿಕೊಳ್ಳುವುದು ವಿಜ್ಞಾನಕ್ಕೆ ಭೂಷಣ. ಆದರೆ ಆ ತಿದ್ದುಪಡಿಗೆ ಬೆಲೆ ತೆತ್ತವರು, ಬೆಳೆ ಕೊಳೆತ ಹೊಲದವರು. ಚಿಕ್ಕ ತುಂಡಿನಲ್ಲಿ ಕಂಡ ಸತ್ಯವನ್ನು ಇಡೀ ಜಿಲ್ಲೆಗೆ ಹರಡುವ ಮೊದಲು ನಾಲ್ಕಾರು ಬಗೆಯ ನೆಲದಲ್ಲಿ, ನಾಲ್ಕಾರು ಬಗೆಯ ವರ್ಷಗಳಲ್ಲಿ ನಿಂತು ನೋಡಬೇಕೆಂಬ ಪಾಠ ಹೀಗೆ ಬಂತು.

ಚೌಕುಮಡಿಯ ಬುದ್ಧಿ

೧೯೭೦ರಲ್ಲಿ ಪರಿಷತ್ತು ಒಣಬೇಸಾಯದ ಪ್ರಶ್ನೆಯನ್ನು ಮತ್ತೆ ಕೈಗೆ ತೆಗೆದುಕೊಂಡಿತು. ಕೆನಡಾ ದೇಶದ ಸಹಾಯದೊಡನೆ, ಹೈದರಾಬಾದನ್ನು ಮುಖ್ಯಸ್ಥಳ ಮಾಡಿಕೊಂಡು, ದೇಶದುದ್ದಕ್ಕೂ ೨೩ ಕೇಂದ್ರಗಳ ಸಮನ್ವಿತ ಯೋಜನೆ ಸಿದ್ಧವಾಯಿತು. ಬಿಜಾಪುರ, ಬಳ್ಳಾರಿ, ಬೆಂಗಳೂರುಗಳು ಅದರಲ್ಲಿ ಸೇರಿದವು. ಕೆಲಸ ಇನ್ನೂ ಬಲಿಯುವ ಮೊದಲೇ ೧೯೭೨ರ ಬರ ಬಂದು, ಈ ಪ್ರಶ್ನೆ ಹಳೆಯದಾಗಿಲ್ಲವೆಂದು ಎಲ್ಲರಿಗೂ ನೆನಪಿಸಿತು.

ಈ ಸಲದ ಯೋಜನೆಯಲ್ಲಿ ಕೆಲವು ವ್ಯತ್ಯಾಸಗಳಿದ್ದವು. ಮಣ್ಣಿನವರು, ಬೆಳೆಯವರು, ತಳಿಯವರು, ಯಂತ್ರದವರು ಒಂದೇ ಕೇಂದ್ರದಲ್ಲಿ ಒಟ್ಟಿಗೆ ಕುಳಿತರು. ಕೆಲವು ಹಳ್ಳಿಗಳನ್ನೇ ಆರಿಸಿಕೊಂಡು ಒಕ್ಕಲಿಗರ ಹೊಲದಲ್ಲಿ ಪ್ರಯೋಗ ನಡೆಸುವುದು ಯೋಜನೆಯ ಅಂಗವಾಯಿತು. ಉತ್ತರಗಳೂ ಬೇರೆಯಾದವು. ಹಿಂಗಾರಿ ಜೋಳವನ್ನು ಅಕ್ಟೋಬರ್‌ವರೆಗೆ ತಡೆಯದೆ ಸೆಪ್ಟೆಂಬರ್ ನಡುವಿನಲ್ಲಿಯೇ ಬಿತ್ತಿದರೆ ನೆಲದ ತೇವ ವ್ಯರ್ಥವಾಗದೆ ಇಳುವರಿ ಹೆಚ್ಚುತ್ತದೆಂದು ಕಂಡಿತು. ಇದಕ್ಕೆ ನೇಗಿಲು ಬೇಡ, ಸಾಲ ಬೇಡ. ಬಿತ್ತನೆಯ ದಿನವನ್ನು ಗೊತ್ತುಮಾಡುವ ಧೈರ್ಯವೊಂದು ಸಾಕು.

ಇನ್ನೊಂದು ಉತ್ತರ ಚೌಕುಮಡಿ. ಮಳೆಗಾಲದಲ್ಲಿ ಬರಿದಾಗಿರುವ ಹೊಲದಲ್ಲಿ ಅಡ್ಡ ಉದ್ದ ಚಿಕ್ಕ ಬದುಗಳನ್ನು ಎಳೆದು ಚದರಂಗದ ಹಾಸಿನಂತೆ ಮನೆ ಮನೆ ಮಾಡುವುದು. ಬಿದ್ದ ಹನಿ ಬಿದ್ದಲ್ಲಿಯೇ ಇಂಗುತ್ತದೆ. ಬಿತ್ತುವ ಹೊತ್ತಿಗೆ ಬದುಗಳನ್ನು ಕೆಡಿಸಿ ನೆಲ ಸಮ ಮಾಡಿದರಾಯಿತು. ಎತ್ತಿನಿಂದ ಎಳೆಸುವ ಸರಳವಾದ ಸಾಧನ ಸಾಕು. ನೆರೆಹೊಲದವನ ಒಪ್ಪಿಗೆ ಬೇಕಿಲ್ಲ. ಈ ವರ್ಷ ಒಂದು ಎಕರೆಯಲ್ಲಿ ಮಾಡಿ ನೋಡಿ, ಲಾಭವೆನಿಸಿದರೆ ಮುಂದಿನ ವರ್ಷ ನಾಲ್ಕು ಎಕರೆಗೆ ಹಬ್ಬಿಸಬಹುದು. ಮಳೆ ಕಡಿಮೆಯಾದ ವರ್ಷದಲ್ಲಿಯೇ ಇದರ ಬೆಲೆ ಹೆಚ್ಚು. ಬೀಳಗಿಯ ಆ ಹಿರಿಯರು ಕೇಳಿದ ಪ್ರಶ್ನೆಗೆ ವಿಜ್ಞಾನ ಕೊನೆಗೂ ನೇರವಾಗಿ ಕೊಟ್ಟ ಉತ್ತರವಿದು. ‘ಚೌಕುಮಡಿ’ ಎಂಬ ಹೆಸರಿನಲ್ಲಿಯೂ ಒಂದು ನೀತಿಯಿದೆ: ಮಡಿ ಮಾಡುವುದು ಒಕ್ಕಲಿಗನಿಗೆ ಗೊತ್ತು, ಚೌಕು ಎಂದರೇನೆಂದೂ ಗೊತ್ತು, ಹೆಸರು ಕೇಳಿದೊಡನೆ ಕೆಲಸ ಕಣ್ಣಿಗೆ ಕಟ್ಟುತ್ತದೆ. ತಿಳಿಸುವ ಅರ್ಧ ಕೆಲಸವನ್ನು ಆ ಕನ್ನಡ ಮಾತೇ ಮಾಡಿತು.

ಮುಧೋಳದ ಹೊಲಗಳಲ್ಲಿ ಈಗ ಈ ಮಾತುಗಳು ಕಡಿಮೆ ಕೇಳಿಸುತ್ತವೆ. ೧೯೭೦ರ ದಶಕದ ಕೊನೆಗೆ ಘಟಪ್ರಭೆಗೆ ಹಿಡಕಲ್ಲಿನಲ್ಲಿ ಜಲಾಶಯವಾಗಿ, ಕಾಲುವೆಯ ನೀರು ಹರಿದು, ಜೋಳದ ಕಡೆ ಕಬ್ಬು ನಿಂತಿದೆ; ಸಕ್ಕರೆ ಕಾರಖಾನೆಗಳ ಹೊಗೆ ದೂರದಿಂದಲೇ ಕಾಣುತ್ತದೆ. ನೀರು ಬಂದ ಸುಖವನ್ನು ಅಲ್ಲಗಳೆಯಲು ನಾನಂತೂ ಸಿದ್ಧನಿಲ್ಲ. ಆದರೆ ಕಾಲುವೆಯ ಕೆಳಗಿನ ಎರೆಯಲ್ಲಿ ಹಲವು ಕಡೆ ನೀರು ಹೆಚ್ಚಾಗಿ ಸವಳು ಮೇಲೆದ್ದಿದೆ. ನೀರು ಸಾಲದೆಂದು ಅತ್ತ ನೆಲವೇ ಈಗ ನೀರು ಹೆಚ್ಚಾಗಿ ಕೆಡುತ್ತಿದೆ. ಕಾಲುವೆ ಮುಟ್ಟದ ಎರೆಯಲ್ಲಿ ಇಂದಿಗೂ ಹಿಂಗಾರಿಯೇ ಗತಿ. ಎರಡು ಕಡೆಯೂ ಹೊಸ ಸಂಶೋಧನೆಯ ಯೋಜನೆಗಳು ಬೇಕಾಗಿವೆ, ಬರುತ್ತಲೂ ಇವೆ.

ಅವುಗಳನ್ನು ಬರೆಯುವವರು ೧೯೩೩ರ ಯೋಜನೆಯನ್ನು ಒಮ್ಮೆ ತಿರುವಿ ಹಾಕಬೇಕೆಂದು ನನ್ನ ಆಸೆ. ಅದರಲ್ಲಿ ಪ್ರಶ್ನೆ ಸ್ಪಷ್ಟವಾಗಿತ್ತು, ಅಳತೆ ಪ್ರಾಮಾಣಿಕವಾಗಿತ್ತು, ಗಡಿಗಳನ್ನು ಮೀರಿದ ಸಹಕಾರವಿತ್ತು; ಇವು ಇಂದಿಗೂ ಮಾದರಿ. ಇಲ್ಲದಿದ್ದುದು ಮೂರು ಮಾತು: ಈ ಉತ್ತರವನ್ನು ಬಳಸುವವನ ಬಳಿ ಎಷ್ಟು ಎತ್ತು ಇದೆ? ಕೆಟ್ಟ ವರ್ಷದಲ್ಲಿ ಅವನಿಗೆ ಏನು ಉಳಿಯುತ್ತದೆ? ಇದನ್ನು ಅವನ ಮಾತಿನಲ್ಲಿ ಏನೆಂದು ಕರೆಯುತ್ತೇವೆ? ಅರ್ಜಿಯ ಕೊನೆಯ ಪುಟದಲ್ಲಿ ‘ಪ್ರಚಾರ’ ಎಂಬ ತಲೆಬರಹದ ಕೆಳಗೆ ಎರಡು ಸಾಲು ಗೀಚುವ ಬದಲು ಈ ಮೂರು ಪ್ರಶ್ನೆಗಳನ್ನು ಮೊದಲ ಪುಟದಲ್ಲಿಯೇ ಬರೆದುಕೊಂಡು ಹೊರಟರೆ, ಪ್ರಯೋಗಾಲಯದಿಂದ ಹೊಲಕ್ಕೆ ಇರುವ ದಾರಿ ಎಷ್ಟೋ ಹತ್ತಿರವಾದೀತು.